ಗುರುತಿಲ್ಲದ ಬೆಟ್ಟದಾರಿಯಲ್ಲಿ ದಿಕ್ಕು ತಪ್ಪದೆ ನಡೆಯುವುದು: ಪಶ್ಚಿಮ ಘಟ್ಟದ ಚಾರಣಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಕುದುರೆಮುಖ, ಕುಮಾರಪರ್ವತ, ತಡಿಯಂಡಮೋಳ್ ಎಂದು ಹೆಸರು ಹೇಳುವಷ್ಟು ಸುಲಭವಾಗಿ ಈ ಬೆಟ್ಟಗಳ ಸುತ್ತಲಿನ ಕಾಲುದಾರಿಗಳು ಪರಿಚಯವಾಗುವುದಿಲ್ಲ. ಬಾಣದ ಗುರುತು, ಬಣ್ಣ ಬಳಿದ ಕಲ್ಲು, ದೂರ ಬರೆದ ಫಲಕ ಇವೆಲ್ಲ ನಮ್ಮ ಘಟ್ಟಗಳಲ್ಲಿ ಸಿಗುವುದು ಕೆಲವೇ ಕಡೆ. ಉಳಿದ ಕಡೆ ನೆಲವನ್ನೇ ಓದಿಕೊಂಡು ನಡೆಯಬೇಕು. ಚಾರಣಕ್ಕೆ ಹೊಸದಾಗಿ ಬರುವವರು ನನ್ನನ್ನು ಹೆಚ್ಚಾಗಿ ಕೇಳಿರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಗುರುತಿಲ್ಲದ ದಾರಿ ಎಂದರೆ ದಾರಿಯೇ ಇಲ್ಲವೆಂದು ಅರ್ಥವೇ?

ಅಲ್ಲ. ಬೆಟ್ಟದ ಮೇಲಿನ ಪ್ರತಿಯೊಂದು ಕಾಲುದಾರಿಯೂ ಯಾರದೋ ಅಗತ್ಯದಿಂದ ಹುಟ್ಟಿದ್ದು. ದನ ಮೇಯಿಸುವವರು ಹುಲ್ಲುಗಾವಲಿಗೆ ಹೋಗಲು, ಘಟ್ಟದ ಕೆಳಗಿನವರು ಮೇಲಿನ ಊರಿನ ನೆಂಟರ ಮನೆಗೆ ಬರಲು, ಭಕ್ತರು ಗುಡಿಗೆ ನಡೆಯಲು, ಅರಣ್ಯ ಸಿಬ್ಬಂದಿ ಗಸ್ತು ತಿರುಗಲು ತುಳಿದ ದಾರಿಗಳೇ ಇವತ್ತು ಚಾರಣದ ದಾರಿಗಳಾಗಿವೆ. ಆದ್ದರಿಂದ ದಾರಿ ಮಸುಕಾದಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆಯೆಂದರೆ, ಇಲ್ಲಿ ನಡೆದವರು ಎಲ್ಲಿಗೆ ಹೋಗುತ್ತಿದ್ದರು ಮತ್ತು ತಲೆಯ ಮೇಲೆ ಹೊರೆ ಹೊತ್ತವರು ಈ ಇಳಿಜಾರನ್ನು ಹೇಗೆ ದಾಟುತ್ತಿದ್ದರು ಎಂಬುದು. ಹೊರೆ ಹೊತ್ತವರು ನೇರ ಕಡಿದಾದ ಏರನ್ನು ಹತ್ತುವುದಿಲ್ಲ, ಓರೆಯಾಗಿ ಸುತ್ತಿ ಹತ್ತುತ್ತಾರೆ. ಹಳ್ಳವನ್ನು ಅಗಲವಾದ, ಆಳವಿಲ್ಲದ ಕಡೆ ದಾಟುತ್ತಾರೆ. ಈ ಒಂದು ಯೋಚನೆಯೇ ಎಷ್ಟೋ ಸಲ ಕಳೆದುಹೋದ ದಾರಿಯನ್ನು ಹುಡುಕಿಕೊಡುತ್ತದೆ.

ಇಂಥ ದಾರಿಗಳಲ್ಲಿ ನಡೆಯಲು ಅನುಮತಿ ಬೇಕೇ?

ಹೆಚ್ಚಿನ ಕಡೆ ಬೇಕು. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಪುಷ್ಪಗಿರಿ ವನ್ಯಜೀವಿಧಾಮ ಮುಂತಾದ ಸಂರಕ್ಷಿತ ಪ್ರದೇಶಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಪ್ರವೇಶಿಸುವಂತಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನಜಂಗುಳಿ ಸೇರಿದ ನಂತರ ರಾಜ್ಯ ಸರ್ಕಾರ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ವ್ಯವಸ್ಥೆಯನ್ನು ತಂದಿತು. ಅನುಮತಿ ಪಡೆದ ಮೇಲೆ ಅದರಲ್ಲಿ ಹೇಳಿದ ದಾರಿಯನ್ನು ಬಿಟ್ಟು ಕದಲಬಾರದು. ಇಲ್ಲಿ ಬರೆದಿರುವುದು ಅನುಮತಿ ಇರುವ ದಾರಿಯಲ್ಲಿ ತಪ್ಪದೆ ಉಳಿಯಲಿಕ್ಕೇ ಹೊರತು ಹೊಸ ದಾರಿ ಮಾಡಲಿಕ್ಕಲ್ಲ.

ಯಾವ ನಕ್ಷೆಯನ್ನು ಇಟ್ಟುಕೊಳ್ಳಬೇಕು?

1767ರಲ್ಲಿ ಆರಂಭವಾದ ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಸ್ಥಳಾಕೃತಿ ನಕ್ಷೆಗಳು ನಮ್ಮಲ್ಲಿ ಆಧಾರವಾಗಿ ಹಿಡಿಯಬಹುದಾದ ನಕ್ಷೆಗಳು. ಈ ಪ್ರಮಾಣದಲ್ಲಿ ನಕ್ಷೆಯ ಒಂದು ಸೆಂಟಿಮೀಟರ್ ನೆಲದ ಮೇಲೆ 500 ಮೀಟರ್ ಆಗುತ್ತದೆ. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳು ಸಾಮಾನ್ಯವಾಗಿ 20 ಮೀಟರ್ ಎತ್ತರಕ್ಕೊಂದರಂತೆ ಇರುತ್ತವೆ. ಇವುಗಳಲ್ಲಿ ತೋರಿಸಿದ ಕಾಲುದಾರಿಗಳು ಹಳೆಯವಾಗಿರಬಹುದು. ಊರು ಖಾಲಿಯಾದ ಮೇಲೆ ಎಷ್ಟೋ ದಾರಿಗಳು ಪೊದೆಯಲ್ಲಿ ಮುಚ್ಚಿಹೋಗಿವೆ. ಆದರೆ ಬೆಟ್ಟದ ಬೆನ್ನು, ಕಣಿವೆ, ಹಳ್ಳಗಳ ಜಾಗ ಬದಲಾಗಿಲ್ಲ, ಆದ್ದರಿಂದ ನಂಬಬೇಕಾದದ್ದು ಅವನ್ನೇ. ಮೊಬೈಲಿನಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರಿತ ನಕ್ಷೆಗಳನ್ನು ಮೊದಲೇ ಇಳಿಸಿಟ್ಟುಕೊಂಡರೆ ಸಂಪರ್ಕವಿಲ್ಲದ ಕಡೆಯೂ ತೆರೆಯುತ್ತವೆ. ಅದರ ಜೊತೆಗೆ ಕಾಗದದ ಪ್ರತಿಯೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಡಲೇಬೇಕು, ಏಕೆಂದರೆ ಘಟ್ಟದ ಮಳೆಗೆ ಒಂದು ಗಂಟೆ ಸಾಕು ಎಲ್ಲವೂ ಒದ್ದೆಯಾಗಲು.

ಸಮೋನ್ನತಿ ರೇಖೆಗಳನ್ನು ಓದಲು ಬರುವುದಿಲ್ಲ. ಕನಿಷ್ಠ ಎಷ್ಟು ತಿಳಿದಿರಬೇಕು?

ಮೂರು ವಿಷಯ ತಿಳಿದರೆ ಮುಕ್ಕಾಲು ಕೆಲಸವಾಯಿತು. ರೇಖೆಗಳು ಒತ್ತೊತ್ತಾಗಿದ್ದರೆ ಇಳಿಜಾರು ಕಡಿದು, ದೂರ ದೂರವಿದ್ದರೆ ಸಾವಕಾಶ. ರೇಖೆಗಳ ಬಾಗು ಎತ್ತರದ ಕಡೆಗೆ ಚೂಪಾಗಿ ಚಾಚಿದ್ದರೆ ಅದು ಕಣಿವೆ, ತಗ್ಗಿನ ಕಡೆಗೆ ಚಾಚಿದ್ದರೆ ಬೆಟ್ಟದ ಬೆನ್ನು. ಎರಡು ನೆತ್ತಿಗಳ ನಡುವೆ ರೇಖೆಗಳು ಇಬ್ಬದಿಯಿಂದ ಒಳಬಾಗಿದ್ದರೆ ಅಲ್ಲೊಂದು ತಗ್ಗು ಇದೆ. ಬೆಟ್ಟದ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ದಾಟುವ ಹಳೆಯ ದಾರಿಗಳು ಸಾಮಾನ್ಯವಾಗಿ ಇಂಥ ತಗ್ಗಿನಲ್ಲೇ ಹಾಯುತ್ತವೆ.

ನಮ್ಮ ಘಟ್ಟದ ಬಗ್ಗೆ ಇನ್ನೊಂದು ಮಾತು ಸೇರಿಸಬೇಕು. ಪೂರ್ವದ ಮಗ್ಗುಲು ಮಲೆನಾಡಿನ ಕಡೆಗೆ ಮೆಲ್ಲಮೆಲ್ಲನೆ ಇಳಿಯುತ್ತದೆ, ಪಶ್ಚಿಮದ ಮಗ್ಗುಲು ಕರಾವಳಿಯ ಕಡೆಗೆ ಒಮ್ಮೆಲೇ ಧುಮುಕುತ್ತದೆ. ನಿಮ್ಮ ನಕ್ಷೆಯಲ್ಲಿ ಘಟ್ಟದ ಅಂಚು ಎಲ್ಲಿ ಹಾದುಹೋಗುತ್ತದೆ ಎಂಬುದನ್ನು ಮನೆಯಲ್ಲೇ ಕೆಂಪು ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ. ಮಂಜು ಕವಿದಾಗ ನೆನಪಿನಲ್ಲಿ ಉಳಿಯಬೇಕಾದ ಗೆರೆ ಅದೊಂದೇ.

ಮೊಬೈಲಿನ ಜಿಪಿಎಸ್ ಇರುವಾಗ ಇಷ್ಟೆಲ್ಲ ಕಲಿಯುವುದು ಏಕೆ?

ಜಿಪಿಎಸ್ ಒಳ್ಳೆಯ ಸಾಧನ, ನಾನೂ ಬಳಸುತ್ತೇನೆ. ಅದಕ್ಕೆ ಮೊಬೈಲ್ ಸಂಪರ್ಕ ಬೇಕಾಗಿಲ್ಲ, ಉಪಗ್ರಹಗಳ ಸಂಕೇತ ಸಾಕು. ಆದರೆ ಅದು ಹೇಳುವುದು ನೀವು ಎಲ್ಲಿದ್ದೀರಿ ಎಂಬುದನ್ನು ಮಾತ್ರ. ಮುಂದಿನ ಹೆಜ್ಜೆಯಲ್ಲಿ ಬಂಡೆಯ ಅಂಚಿದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಹುಲ್ಲುಗುಡ್ಡಗಳ ನಡುವಿನ ಮಡಿಕೆಗಳಲ್ಲಿ ಬೆಳೆಯುವ ದಟ್ಟ ಶೋಲಾ ಕಾಡಿನೊಳಗೆ, ಆಳವಾದ ಕಣಿವೆಯಲ್ಲಿ ಅದು ತೋರಿಸುವ ಜಾಗ ಹತ್ತಾರು ಮೀಟರ್ ಸರಿದಿರಬಹುದು. ಅಷ್ಟು ಅಂತರದಲ್ಲಿ ನೀವು ಹಳ್ಳದ ಆಚೆ ಇದ್ದೀರೋ ಈಚೆ ಇದ್ದೀರೋ ಎಂಬುದೇ ಗೊಂದಲವಾಗುತ್ತದೆ.

ಬೇರೆಯವರು ದಾಖಲಿಸಿದ ಜಾಡನ್ನು ಇಳಿಸಿಕೊಂಡು ಹೋಗುವವರು ಅದು ಯಾವ ತಿಂಗಳಿನದು ಎಂಬುದನ್ನು ತಪ್ಪದೆ ನೋಡಬೇಕು. ಫೆಬ್ರುವರಿಯಲ್ಲಿ ಒಣ ಹಳ್ಳದ ಕಲ್ಲುಗಳ ಮೇಲೆ ನಡೆದವರ ಜಾಡು ಅಕ್ಟೋಬರಿನಲ್ಲಿ ನಿಮ್ಮನ್ನು ತುಂಬಿ ಹರಿಯುವ ನೀರಿನೊಳಗೆ ಕರೆದೊಯ್ಯುತ್ತದೆ. ಆ ಜಾಡು ಬಿಟ್ಟವರು ಸ್ವತಃ ದಾರಿ ತಪ್ಪಿ ಅಲೆದಿರಬಹುದು ಎಂಬುದನ್ನೂ ಮರೆಯಬಾರದು. ಬ್ಯಾಟರಿ ಉಳಿಸಲು ಏರೋಪ್ಲೇನ್ ಮೋಡ್‌ನಲ್ಲಿ ಇಡಿ. ಸಿಗದ ಸಂಪರ್ಕವನ್ನು ಹುಡುಕುತ್ತಲೇ ಫೋನು ಅರ್ಧ ಚಾರ್ಜು ಕಳೆದುಕೊಳ್ಳುತ್ತದೆ.

ದಿಕ್ಸೂಚಿಯನ್ನು ಹೇಗೆ ಬಳಸಬೇಕು?

ನಕ್ಷೆಯನ್ನು ನೆಲಕ್ಕೆ ಹೊಂದಿಸುವುದು ಮೊದಲ ಕೆಲಸ. ನಕ್ಷೆಯ ಮೇಲಂಚು ಉತ್ತರಕ್ಕೆ ಮುಖ ಮಾಡುವಂತೆ ತಿರುಗಿಸಿ ಹಿಡಿದರೆ ಎದುರಿನ ಬೆಟ್ಟ, ಎಡಗಡೆಯ ಕಣಿವೆ ಎಲ್ಲವೂ ಕಾಗದದಲ್ಲೂ ಅದೇ ದಿಕ್ಕಿಗೆ ಬರುತ್ತವೆ. ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸ ಕರ್ನಾಟಕದಲ್ಲಿ ಎರಡು ಡಿಗ್ರಿಗಿಂತ ಕಡಿಮೆ. ಒಂದು ಡಿಗ್ರಿ ತಪ್ಪಿದರೆ ಕಿಲೋಮೀಟರಿಗೆ ಸುಮಾರು 17 ಮೀಟರ್ ಸರಿಯುತ್ತೇವೆ, ಆದ್ದರಿಂದ ಕಾಲ್ನಡಿಗೆಯ ಲೆಕ್ಕದಲ್ಲಿ ಇದು ದೊಡ್ಡ ತಪ್ಪಲ್ಲ. ಮೊಬೈಲು, ಅಯಸ್ಕಾಂತವಿರುವ ಪೌಚು, ಕತ್ತಿ ಇವುಗಳನ್ನು ದಿಕ್ಸೂಚಿಯಿಂದ ದೂರ ಇಡದಿದ್ದರೆ ಆಗುವ ತಪ್ಪು ಅದಕ್ಕಿಂತ ಎಷ್ಟೋ ದೊಡ್ಡದು.

ಕುದುರೆಮುಖದ ಕಡೆ ನಡೆಯುವವರಿಗೆ ವಿಶೇಷ ಎಚ್ಚರಿಕೆ ಬೇಕು. ಅಲ್ಲಿ 2005ರ ಕೊನೆಯವರೆಗೆ ಕಬ್ಬಿಣದ ಅದಿರು ತೆಗೆಯುತ್ತಿದ್ದರು, ಆ ಅದಿರಿನಲ್ಲಿ ಮ್ಯಾಗ್ನೆಟೈಟ್ ಎಂಬ ಕಾಂತೀಯ ಖನಿಜ ಇದೆ. ಅಂಥ ಬಂಡೆಯ ಮೇಲೆ ದಿಕ್ಸೂಚಿ ಇಟ್ಟರೆ ಮುಳ್ಳು ಸ್ಥಳೀಯವಾಗಿ ವಾಲಬಹುದು. ಬಂಡೆಯ ಮೇಲೆ ಇಡದೆ ಎದೆಯ ಮಟ್ಟದಲ್ಲಿ ಹಿಡಿದು, ಇಪ್ಪತ್ತು ಹೆಜ್ಜೆ ಸರಿದು ಮತ್ತೊಮ್ಮೆ ನೋಡಿ. ಎರಡೂ ಹೊಂದಿದರೆ ಮಾತ್ರ ನಂಬಿ.

ಸೂರ್ಯ, ನಕ್ಷತ್ರ, ಮರದ ಪಾಚಿ ನೋಡಿ ದಿಕ್ಕು ತಿಳಿಯಬಹುದಲ್ಲವೇ?

ಶೀತ ದೇಶಗಳವರು ಬರೆದ ಕೈಪಿಡಿಗಳಲ್ಲಿನ ಸಲಹೆಗಳನ್ನು ನಮ್ಮ ಅಕ್ಷಾಂಶಕ್ಕೆ ಹಾಗೆಯೇ ತಂದುಕೊಳ್ಳಲಾಗದು. ಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲಿರುತ್ತಾನೆ ಎಂಬುದು ಅಲ್ಲಿ ವರ್ಷವಿಡೀ ನಿಜ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ನಮಗೆ ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಸೂರ್ಯ ನಡುನೆತ್ತಿಗೆ ಬಂದು, ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದಲ್ಲಿ ಉತ್ತರದ ಕಡೆಗೇ ಇರುತ್ತಾನೆ. ಕೈಗಡಿಯಾರದ ಮುಳ್ಳಿನಿಂದ ದಕ್ಷಿಣ ಕಂಡುಹಿಡಿಯುವ ಉಪಾಯ ಇಲ್ಲಿ ಕೈಕೊಡುವುದು ಇದೇ ಕಾರಣಕ್ಕೆ. ಬೆಳಗ್ಗೆ ಮತ್ತು ಸಂಜೆಯ ಸೂರ್ಯ ಹೆಚ್ಚು ಉಪಯುಕ್ತ. ಆದರೂ ಡಿಸೆಂಬರಿನಲ್ಲಿ ಅವನು ನೇರ ಪೂರ್ವಕ್ಕಿಂತ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ.

ಧ್ರುವನಕ್ಷತ್ರ ನಮಗೆ ದಿಗಂತದಿಂದ 13 ಡಿಗ್ರಿಯಷ್ಟೇ ಮೇಲೆ, ಎಂದರೆ ಚಾಚಿದ ಕೈಯ ಒಂದು ಮುಷ್ಟಿಗಿಂತ ತುಸು ಹೆಚ್ಚು ಎತ್ತರದಲ್ಲಿ ಕಾಣಬೇಕು. ಎದುರಿಗೊಂದು ಗುಡ್ಡವಿದ್ದರೆ ಅದು ಮರೆಯಾಗುತ್ತದೆ. ಚಳಿಗಾಲದ ರಾತ್ರಿಗಳಲ್ಲಿ ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ಸೊಂಟಪಟ್ಟಿಯ ಮೂರು ನಕ್ಷತ್ರಗಳು ಹೆಚ್ಚುಕಡಿಮೆ ನೇರ ಪೂರ್ವದಲ್ಲಿ ಹುಟ್ಟಿ ನೇರ ಪಶ್ಚಿಮದಲ್ಲಿ ಮುಳುಗುತ್ತವೆ, ಅವನ್ನು ನೆಚ್ಚಬಹುದು. ಪಾಚಿಯನ್ನು ಮಾತ್ರ ನೆಚ್ಚಬೇಡಿ. ಮಲೆನಾಡಿನ ಮರಕ್ಕೆ ಪಾಚಿ ಎಲ್ಲ ಕಡೆಯೂ ಹಿಡಿಯುತ್ತದೆ.

ಮನುಷ್ಯರ ದಾರಿ ಯಾವುದು, ಪ್ರಾಣಿಗಳ ದಾರಿ ಯಾವುದು ಎಂದು ತಿಳಿಯುವುದು ಹೇಗೆ?

ಇಡೀ ವಿಷಯದಲ್ಲಿ ಅತ್ಯಂತ ಸೂಕ್ಷ್ಮವಾದದ್ದು ಇದು, ಪುಸ್ತಕದಿಂದ ಕಲಿಯಲು ಕಷ್ಟವಾದದ್ದೂ ಹೌದು. ನೆಲವನ್ನು ಮಾತ್ರ ನೋಡದೆ ತಲೆಯ ಮಟ್ಟದಲ್ಲಿ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಮನುಷ್ಯ ನಡೆಯುವ ದಾರಿಯಲ್ಲಿ ಎದೆ ಮತ್ತು ತಲೆಯ ಎತ್ತರದ ರೆಂಬೆಗಳನ್ನು ಯಾರಾದರೂ ಕತ್ತಿಯಿಂದ ಕಡಿದಿರುತ್ತಾರೆ. ಕಡಿದ ತುದಿ ಓರೆಯಾಗಿ, ನುಣುಪಾಗಿ ಇರುತ್ತದೆ. ಪ್ರಾಣಿ ಮುರಿದ ರೆಂಬೆ ಸಿಬಿರು ಸಿಬಿರಾಗಿ ಸೀಳಿರುತ್ತದೆ. ಕಾಡುಹಂದಿಯ ದಾರಿ ಪೊದೆಯ ಕೆಳಗೆ ಸುರಂಗದಂತೆ ನುಗ್ಗುತ್ತದೆ. ನೀವು ಬಗ್ಗಿ ಬಗ್ಗಿ ನಡೆಯುವಂತಾದರೆ ಅದು ನಿಮಗಾಗಿ ಆದ ದಾರಿಯಲ್ಲ ಎಂದು ತಿಳಿದು ನಿಲ್ಲಬೇಕು.

ದನಗಳ ಮತ್ತು ಕಾಟಿಗಳ (ಕಾಡುಕೋಣಗಳ) ದಾರಿ ಹುಲ್ಲುಗುಡ್ಡದ ಮಗ್ಗುಲಿನಲ್ಲಿ ಒಂದರ ಕೆಳಗೊಂದು ಮೆಟ್ಟಿಲಿನ ಹಾಗೆ ಅಡ್ಡಡ್ಡ ಹರಿದಿರುತ್ತದೆ. ಅದರಲ್ಲಿ ನಡೆಯುವುದು ಬಹಳ ಹಿತ, ಏರೂ ಇಲ್ಲ ಇಳಿಜಾರೂ ಇಲ್ಲ. ಆ ಹಿತವೇ ಮೋಸ. ಹತ್ತು ನಿಮಿಷ ಹೋಗುವಷ್ಟರಲ್ಲಿ ಅದು ನೀರಿನ ಜಾಗಕ್ಕೋ ಶೋಲಾದ ಅಂಚಿಗೋ ಬಂದು ನಾಲ್ಕಾಗಿ ಒಡೆದು ಕರಗಿಹೋಗುತ್ತದೆ. ಆನೆಯ ದಾರಿ ಅಗಲವಾಗಿ, ಅಚ್ಚುಕಟ್ಟಾಗಿ, ಬೆಟ್ಟದ ಬೆನ್ನಿನ ಮೇಲೆ ಸುಲಭವಾದ ಇಳಿಜಾರನ್ನೇ ಹಿಡಿದು ಹೋಗುತ್ತದೆ ಮತ್ತು ರಸ್ತೆಯಂತೆಯೇ ಕಾಣುತ್ತದೆ. ಹಸಿ ಲದ್ದಿ ಕಂಡರೆ ದಾರಿಯ ಪ್ರಶ್ನೆಯನ್ನು ಬದಿಗಿಟ್ಟು ಸದ್ದಿಲ್ಲದೆ ಹಿಂದಿರುಗುವುದೇ ಸರಿ.

ಇನ್ನೊಂದು ಗೊಂದಲ ಬೆಂಕಿ ರೇಖೆಯದು. ಕಾಡ್ಗಿಚ್ಚು ಹರಡದಂತೆ ಅರಣ್ಯ ಇಲಾಖೆಯವರು ಬೇಸಿಗೆಗೆ ಮುಂಚೆ ಹುಲ್ಲು ಸವರಿ ಸುಟ್ಟು ಮಾಡುವ ಈ ಪಟ್ಟಿ ದೂರದಿಂದ ಒಳ್ಳೆಯ ದಾರಿಯಂತೆ ಕಾಣುತ್ತದೆ. ಅದು ಗಡಿಯನ್ನು ಅನುಸರಿಸುತ್ತದೆ, ಊರನ್ನಲ್ಲ. ಕಡಿದಾದ ಜಾಗದಲ್ಲೂ ಸುತ್ತದೆ ನೇರ ಇಳಿಯುವ ದಾರಿ ಕಂಡರೆ ಬೆಂಕಿ ರೇಖೆ ಇರಬಹುದೆಂದು ಅನುಮಾನಿಸಿ.

ಹುಲ್ಲಿನಲ್ಲಿ ಅಥವಾ ಬಂಡೆಯ ಮೇಲೆ ದಾರಿ ಪೂರ್ತಿ ಕಾಣೆಯಾದರೆ?

ಬಂಡಾಜೆ ಅರ್ಬಿ ಜಲಪಾತದಿಂದ ಬಲ್ಲಾಳರಾಯನ ದುರ್ಗದ ಕಡೆಗಿನ ಹುಲ್ಲುಗಾವಲನ್ನು ಕಂಡವರಿಗೆ ಈ ಪ್ರಶ್ನೆಯ ಭಾರ ಗೊತ್ತು. ಮಳೆಗಾಲ ಮುಗಿದ ಹೊಸದರಲ್ಲಿ ಹುಲ್ಲು ಎದೆಯುದ್ದ ಬೆಳೆದು ಕಾಲ ಕೆಳಗಿನ ದಾರಿಯನ್ನು ಮುಚ್ಚುತ್ತದೆ. ಆಗ ಹತ್ತಿರ ನೋಡಿದರೆ ಏನೂ ಕಾಣುವುದಿಲ್ಲ, ತಲೆಯೆತ್ತಿ ಐವತ್ತು ನೂರು ಮೀಟರ್ ಮುಂದೆ ನೋಡಬೇಕು. ಜನ ನಡೆದ ಕಡೆ ಹುಲ್ಲು ಒಂದೇ ಕಡೆಗೆ ವಾಲಿ, ಇಳಿಬಿಸಿಲಿನಲ್ಲಿ ಬೇರೆಯದೇ ಬಣ್ಣದ ಗೆರೆಯಾಗಿ ಕಾಣುತ್ತದೆ. ಕಾಣದಿದ್ದರೆ ಕಾಡಿನ ಅಂಚನ್ನು ಪರೀಕ್ಷಿಸಿ. ಹುಲ್ಲಿನಲ್ಲಿ ಹತ್ತು ಕಡೆ ನಡೆಯಬಹುದು, ಆದರೆ ಶೋಲಾದೊಳಗೆ ಹೋಗುವ ಬಾಗಿಲು ಒಂದೇ ಇರುತ್ತದೆ.

ಬಂಡೆಯ ಮೇಲೆ ಲೆಕ್ಕ ಬೇರೆ. ಕುಮಾರಪರ್ವತದಲ್ಲಿ ಶೇಷಪರ್ವತ ದಾಟಿ ಕಾಡಿಗಿಳಿದು ಮತ್ತೆ ಹತ್ತುವಾಗ ಸಿಗುವಂಥ ಬಂಡೆಗಳ ಮೇಲೆ ಹೆಜ್ಜೆ ಮೂಡುವುದಿಲ್ಲ, ಆದರೆ ತುಳಿದ ಕಡೆ ಕಲ್ಲುಹೂವು ಸವೆದು ಕಲ್ಲು ತಿಳಿಬಣ್ಣಕ್ಕೆ ತಿರುಗಿರುತ್ತದೆ. ಒಬ್ಬರು ದಾರಿ ಕೊನೆಯಾದಲ್ಲೇ ನಿಲ್ಲಬೇಕು. ಇನ್ನೊಬ್ಬರು ಅವರ ಕಣ್ಣಳತೆಯಲ್ಲೇ ಅರ್ಧವೃತ್ತದಲ್ಲಿ ನಡೆದು ಬಂಡೆಯ ಆಚೆಯ ಅಂಚಿನಲ್ಲಿ ದಾರಿ ಮುಂದುವರಿಯುವ ಜಾಗವನ್ನು ಹುಡುಕಬೇಕು. ಎಲ್ಲರೂ ಒಟ್ಟಿಗೆ ಹುಡುಕಲು ಹೊರಟರೆ ಮರಳಿ ಬರುವ ಜಾಗವೂ ಕಳೆದುಹೋಗುತ್ತದೆ.

ಹತ್ತುವಾಗ ಸರಿಯಾಗಿಯೇ ಹೋಗಿ, ಇಳಿಯುವಾಗ ದಾರಿ ತಪ್ಪುವುದು ಏಕೆ?

ಬೆಟ್ಟದ ಆಕಾರವೇ ಅದಕ್ಕೆ ಕಾರಣ. ಹತ್ತುವಾಗ ಬೆಟ್ಟದ ಬೆನ್ನುಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ನೆತ್ತಿಯ ಕಡೆಗೆ ಬರುತ್ತವೆ. ಸ್ವಲ್ಪ ಆಚೀಚೆಯಾದರೂ ಏರುತ್ತಾ ಹೋದರೆ ನೆತ್ತಿ ಸಿಗುತ್ತದೆ. ಇಳಿಯುವಾಗ ಅವೇ ಬೆನ್ನುಗಳು ಕವಲೊಡೆಯುತ್ತವೆ. ಹತ್ತುವಾಗ ನಿಮ್ಮ ಗಮನಕ್ಕೇ ಬಾರದಿದ್ದ ಒಂದು ಕೂಡುಜಾಗ ಇಳಿಯುವಾಗ ಎರಡು ಕಣಿವೆಗಳ ನಡುವಿನ ಆಯ್ಕೆಯಾಗುತ್ತದೆ, ಮೇಲೆ ಹತ್ತು ಮೀಟರಿನ ತಪ್ಪು ಕೆಳಗೆ ಬೇರೆ ತಾಲ್ಲೂಕಿಗೆ ಒಯ್ಯುತ್ತದೆ. ಜೊತೆಗೆ ದಣಿವು, ಇಳಿಹೊತ್ತು ಮತ್ತು ಗುರಿ ಮುಟ್ಟಿಯಾಯಿತೆಂಬ ಸಮಾಧಾನ ಸೇರುತ್ತವೆ.

ಆದ್ದರಿಂದ ಇಳಿಯುವ ದಾರಿಯನ್ನು ಹತ್ತುವಾಗಲೇ ಕಲಿಯಬೇಕು. ಪ್ರತಿ ಕವಲಿನಲ್ಲಿ, ಪ್ರತಿ ಸಲ ಕಾಡಿನಿಂದ ಹುಲ್ಲಿಗೆ ಕಾಲಿಟ್ಟಾಗ ನಿಂತು ಹಿಂದಿರುಗಿ ನೋಡಿ, ಫೋಟೋ ತೆಗೆಯಿರಿ. ಅದೇ ಜಾಗ ಎದುರುಬದಿಯಿಂದ ಸಂಪೂರ್ಣ ಬೇರೆಯಾಗಿ ಕಾಣುತ್ತದೆ. ಜೊತೆಗಾರರಿಗೆ ಕೇಳುವಂತೆ ಬಾಯಿಬಿಟ್ಟು ಹೇಳಿಕೊಳ್ಳಿ: "ಇಳಿಯುವಾಗ ಒಂಟಿ ಮರ ಎಡಗೈಗೆ ಬರಬೇಕು, ಅಲ್ಲಿಂದ ಬಲಕ್ಕೆ." ನೆತ್ತಿಯಿಂದ ಹೊರಡುವ ಮೊದಲು ದಿಕ್ಸೂಚಿಯಲ್ಲಿ ಇಳಿಯಬೇಕಾದ ಬೆನ್ನಿನ ದಿಕ್ಕನ್ನು ಅಳೆದುಕೊಳ್ಳಿ.

ಕುದುರೆಮುಖ ಶ್ರೇಣಿಯ ಒಂದು ಗುಡ್ಡದಲ್ಲಿ ನಾನು ಇದನ್ನು ಮಾಡದೆ ಇಳಿದಿದ್ದೆ. ದಾರಿ ಚೆನ್ನಾಗಿಯೇ ಇತ್ತು. ನಲವತ್ತು ನಿಮಿಷದ ನಂತರ, ಬೆಳಗ್ಗೆಯೆಲ್ಲ ಬಲಗಡೆ ಕೇಳಿದ್ದ ಹಳ್ಳದ ಸದ್ದು ಮರಳುವಾಗ ಎಡಕ್ಕೆ ಕೇಳಬೇಕಾಗಿದ್ದು ಈಗಲೂ ಬಲಗಡೆಯಿಂದಲೇ ಬರುತ್ತಿರುವುದು ಹೊಳೆಯಿತು. ಹಳ್ಳವೇ ಬೇರೆಯಾಗಿತ್ತು. ಇಳಿದಷ್ಟನ್ನೂ ಹತ್ತಿ ಹಿಂದಿರುಗಲು ಮನಸ್ಸು ಒಪ್ಪುವುದು ಎಷ್ಟು ಕಷ್ಟವೆಂದು ಅಂದು ತಿಳಿಯಿತು, ಹತ್ತಿದ್ದರಿಂದಲೇ ಕತ್ತಲಾಗುವ ಮೊದಲು ಮನೆಗಳಿರುವ ಕಡೆ ತಲುಪಿದೆವು.

ಮಂಜು ಕವಿದರೆ ನಿಲ್ಲಬೇಕೇ, ನಡೆಯಬೇಕೇ?

ಘಟ್ಟದ ಅಂಚಿನ ಹತ್ತಿರವಿದ್ದರೆ ನಿಲ್ಲಬೇಕು. ನಮ್ಮ ಮಂಜು ಬಹಳ ಸಲ ಕೆಲವು ನಿಮಿಷಗಳಿಗೊಮ್ಮೆ ಹರಿದು, ಕಣಿವೆಯನ್ನು ಕ್ಷಣಕಾಲ ತೋರಿಸಿ ಮತ್ತೆ ಮುಚ್ಚಿಕೊಳ್ಳುತ್ತದೆ. ಆ ಕ್ಷಣಕ್ಕಾಗಿ ನಕ್ಷೆ ಕೈಯಲ್ಲಿ ಹಿಡಿದು ಕಾಯಿರಿ. ನಡೆಯಲೇಬೇಕಾದರೆ ಒಬ್ಬರು ಕಣ್ಣಿಗೆ ಕಾಣುವಷ್ಟೇ ಮುಂದೆ ಹೋಗಿ ನಿಲ್ಲಬೇಕು, ದಿಕ್ಸೂಚಿ ಹಿಡಿದವರು ಹಿಂದಿನಿಂದ ಅವರನ್ನು ಎಡಕ್ಕೆ ಬಲಕ್ಕೆ ಸರಿಸಿ, ನಂತರ ಅವರಿದ್ದಲ್ಲಿಗೆ ಹೋಗಬೇಕು. ಕೆಳಗಿನಿಂದ ಮುಖಕ್ಕೆ ಗಾಳಿ ನುಗ್ಗಿ ಬಂದರೆ ಮುಂದೆ ನೆಲವಿಲ್ಲವೆಂದು ತಿಳಿಯಿರಿ.

ಎಷ್ಟು ಹೊತ್ತು ಬೇಕೆಂದು ಮೊದಲೇ ಲೆಕ್ಕ ಹಾಕಬಹುದೇ?

ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಲೆಕ್ಕ ಇಂದಿಗೂ ಬಳಕೆಯಲ್ಲಿದೆ: ಐದು ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಕ್ಕೆ ಸುಬ್ರಹ್ಮಣ್ಯದಿಂದ 1,712 ಮೀಟರ್ ಎತ್ತರದ ಕುಮಾರಪರ್ವತಕ್ಕೆ ಸುಮಾರು 13 ಕಿಲೋಮೀಟರ್ ದೂರ, 1,500 ಮೀಟರಿಗೂ ಹೆಚ್ಚಿನ ಏರು. ಲೆಕ್ಕ ಐದು ಗಂಟೆ ದಾಟುತ್ತದೆ. ನಮ್ಮ ಸೆಕೆ, ಇಂಬಳ, ಬೆನ್ನಿನ ಹೊರೆ ಸೇರಿದರೆ ಅದರ ಒಂದೂವರೆ ಪಟ್ಟು ಹಿಡಿಯುವುದು ಕ್ಷೇಮ. ಹೊತ್ತಿನ ಲೆಕ್ಕ ದಾರಿ ಹುಡುಕಲೂ ಉಪಯೋಗಕ್ಕೆ ಬರುತ್ತದೆ. ಅರ್ಧ ಗಂಟೆಯಲ್ಲಿ ಸಿಗಬೇಕಾದ ಹಳ್ಳ ಒಂದು ಗಂಟೆಯಾದರೂ ಸಿಗಲಿಲ್ಲವೆಂದರೆ ಎಲ್ಲೋ ತಪ್ಪಿದ್ದೀರಿ.

ಸ್ಥಳೀಯರನ್ನು ದಾರಿ ಕೇಳುವಾಗ ಏನನ್ನು ಗಮನಿಸಬೇಕು?

"ಅಣ್ಣಾ, ಈ ದಾರಿ ಬೆಟ್ಟಕ್ಕೆ ಹೋಗುತ್ತದಾ?" ಎಂದು ಕೇಳಿದರೆ ಸೌಜನ್ಯಕ್ಕಾಗಿಯೇ ಹೌದೆನ್ನುವವರಿದ್ದಾರೆ. "ಈ ದಾರಿ ಎಲ್ಲಿಗೆ ಹೋಗುತ್ತದೆ, ನಡುವೆ ಏನೇನು ಸಿಗುತ್ತದೆ?" ಎಂದು ಕೇಳಿ. ಹಿರಿಯರು ದೂರವನ್ನು ಕೂಗಳತೆಯಲ್ಲಿ ಹೇಳಬಹುದು, ಅದು ಕಿಲೋಮೀಟರಿಗಿಂತ ಕಡಿಮೆ ನಿಖರವೇನಲ್ಲ. ಜಾಗದ ಹೆಸರುಗಳನ್ನು ಬರೆದುಕೊಳ್ಳಿ, ಅವುಗಳಲ್ಲೇ ನೆಲದ ವಿವರ ಅಡಗಿರುತ್ತದೆ. ತುಳುವಿನಲ್ಲಿ ಅರ್ಬಿ ಎಂದರೆ ಜಲಪಾತ, ಪಡ್ಪು ಎಂದರೆ ಬಯಲು. ಮಲೆನಾಡಿನಲ್ಲಿ ಕಾನು ಎಂದರೆ ದಟ್ಟ ಹಸಿರು ಕಾಡು, ಕೊಡಗಿನಲ್ಲಿ ಮೊಟ್ಟೆ ಎಂದರೆ ಗುಡ್ಡ.

ಹಿಂದೆ ಬರುವವರಿಗಾಗಿ ಗುರುತು ಹಾಕಬಹುದೇ?

ಬಣ್ಣ ಬಳಿಯುವುದು, ತೊಗಟೆ ಕೆತ್ತುವುದು, ಪ್ಲಾಸ್ಟಿಕ್ ಪಟ್ಟಿ ಕಟ್ಟಿ ಬಿಟ್ಟುಬರುವುದು ಬೇಡ. ಬಟ್ಟೆಯ ಚೂರು ಕಟ್ಟಿದರೆ ಮರಳುವಾಗ ತಪ್ಪದೆ ಬಿಚ್ಚಿಕೊಂಡು ಬನ್ನಿ. ಒಂದರ ಮೇಲೊಂದು ಇಟ್ಟ ಕಲ್ಲುಗಳನ್ನು ನಂಬುವಾಗಲೂ ಎಚ್ಚರವಿರಲಿ. ನಮ್ಮಲ್ಲಿ ಸ್ವಂತ ಮನೆಯಾಗಲೆಂದು ಹರಕೆ ಹೊತ್ತು ಬೆಟ್ಟದ ಮೇಲೆ ಕಲ್ಲು ಪೇರಿಸುವ ವಾಡಿಕೆಯಿದೆ, ಅವು ದಾರಿಯ ಗುರುತುಗಳಲ್ಲ.

ದಾರಿ ತಪ್ಪಿದ್ದು ಖಚಿತವಾದರೆ ಮೊದಲು ಏನು ಮಾಡಬೇಕು?

ನಿಲ್ಲಬೇಕು, ಕೂರಬೇಕು, ನೀರು ಕುಡಿಯಬೇಕು. ಆಮೇಲೆ, ಖಚಿತವಾಗಿ ದಾರಿಯಲ್ಲೇ ಇದ್ದೆವು ಎನ್ನಬಹುದಾದ ಕೊನೆಯ ಜಾಗ ಯಾವುದೆಂದು ಎಲ್ಲರೂ ಸೇರಿ ನೆನಪಿಸಿಕೊಂಡು ಅಲ್ಲಿಗೆ ಬಂದ ದಾರಿಯಲ್ಲೇ ಹಿಂದಿರುಗಬೇಕು. ಅಡ್ಡದಾರಿ ಹಿಡಿಯಬಾರದು, ಗುಂಪು ಒಡೆಯಬಾರದು.

ಹಳ್ಳದ ಜೊತೆ ಇಳಿದರೆ ಊರು ಸಿಗುತ್ತದೆ ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ಘಟ್ಟದ ಪಶ್ಚಿಮ ಮಗ್ಗುಲಿನಲ್ಲಿ ಇದು ಪ್ರಾಣಕ್ಕೆ ಎರವಾಗುವ ಸಲಹೆ. ಅಲ್ಲಿನ ಹಳ್ಳಗಳು ಜಲಪಾತಗಳಾಗಿ ಬೀಳುತ್ತವೆ. ಪಾಚಿಗಟ್ಟಿದ ಬಂಡೆಯಿಂದ ಒಂದು ಹಂತ ಜಾರಿ ಇಳಿದ ಮೇಲೆ ಮುಂದಿನ ಹಂತ ಇಳಿಯಲಾಗದೆ, ಹಿಂದಿನದನ್ನು ಹತ್ತಲೂ ಆಗದೆ ಸಿಕ್ಕಿಕೊಳ್ಳುತ್ತೀರಿ. ನೀರಿನ ಸದ್ದಿನಲ್ಲಿ ನಿಮ್ಮ ಕೂಗು ಯಾರಿಗೂ ಕೇಳಿಸದು. ಹಳ್ಳ ಬಿಟ್ಟು ಬೆಟ್ಟದ ಬೆನ್ನಿಗೆ ಹತ್ತಿ, ಅಲ್ಲಿ ನೋಟವೂ ಸಿಗುತ್ತದೆ, ಮೊಬೈಲ್ ಸಂಪರ್ಕ ಸಿಗುವ ಸಾಧ್ಯತೆಯೂ ಹೆಚ್ಚು.

ಕತ್ತಲಾದರೆ ಮತ್ತು ಸಹಾಯ ಬೇಕಾದರೆ?

ಕತ್ತಲಲ್ಲಿ ಅರಿಯದ ಇಳಿಜಾರನ್ನು ಇಳಿಯಬೇಡಿ. ಗಾಳಿ ಬೀಸದ, ಪ್ರಾಣಿಗಳ ದಾರಿಯಲ್ಲದ, ಹಳ್ಳದಿಂದ ಮೇಲಿರುವ ಜಾಗದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕುಳಿತು ಬೆಳಕು ಹರಿಯುವವರೆಗೆ ಕಾಯಿರಿ. 112ಕ್ಕೆ ಕರೆ ಮಾಡಿ. ಮಾತು ಕೇಳಿಸದಷ್ಟು ಸಂಪರ್ಕ ದುರ್ಬಲವಾಗಿದ್ದರೂ ಪರಿಚಯದವರಿಗೆ ಎಸ್‌ಎಂಎಸ್ ಹೋಗಬಹುದು. ಅದರಲ್ಲಿ ಅಕ್ಷಾಂಶ ಮತ್ತು ರೇಖಾಂಶವನ್ನು ದಶಮಾಂಶದ ನಂತರ ನಾಲ್ಕು ಅಂಕಿಗಳವರೆಗೆ ಬರೆಯಿರಿ, ಅಷ್ಟರಿಂದ ನೀವಿರುವ ಜಾಗ ಸುಮಾರು ಹತ್ತು ಮೀಟರ್ ಅಂತರದೊಳಗೆ ಗೊತ್ತಾಗುತ್ತದೆ. ನಿಮಿಷಕ್ಕೆ ಆರು ಸಲ ಸೀಟಿ ಊದಿ ಅಥವಾ ಟಾರ್ಚು ಮಿನುಗಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಮಾಡುವುದು ಬೆಟ್ಟಗಳಲ್ಲಿ ಸಹಾಯ ಕೋರುವ ಅಂತರರಾಷ್ಟ್ರೀಯ ಸಂಕೇತ. ನಿಮಿಷಕ್ಕೆ ಮೂರು ಸಲ ಮರಳಿ ಕೇಳಿದರೆ ನಿಮ್ಮ ಕರೆ ತಲುಪಿದೆ ಎಂದರ್ಥ.

ಮಾರ್ಗದರ್ಶಿ ಜೊತೆಗಿದ್ದರೆ ಇದೆಲ್ಲ ಬೇಕೇ?

ಮಾರ್ಗದರ್ಶಿಯನ್ನು ಖಂಡಿತ ಕರೆದುಕೊಂಡು ಹೋಗಿ, ಅನೇಕ ಕಡೆ ಅದು ಕಡ್ಡಾಯವೂ ಹೌದು. ಆದರೆ ಅವರಿಗೂ ಕಾಲು ಉಳುಕಬಹುದು. ಅವರ ಹಿಂದೆ ನಡೆಯುವಾಗಲೂ ನಕ್ಷೆಯಲ್ಲಿ ಬೆರಳಿಟ್ಟುಕೊಂಡು ನಡೆಯಿರಿ. ಈ ಕಡೆ ಏಕೆ ತಿರುಗಿದಿರಿ ಎಂದು ಕೇಳಿದರೆ ಅವರು ಸಂತೋಷದಿಂದಲೇ ಹೇಳಿಕೊಡುತ್ತಾರೆ.

ಇದನ್ನೆಲ್ಲ ಎಲ್ಲಿ ಅಭ್ಯಾಸ ಮಾಡುವುದು?

ರಸ್ತೆ ಕಣ್ಣಿಗೆ ಕಾಣುವ ಬೋಳುಗುಡ್ಡದಲ್ಲಿ, ಶುಭ್ರ ಹವೆಯಿರುವ ಡಿಸೆಂಬರ್ ಅಥವಾ ಜನವರಿಯ ಬೆಳಗ್ಗೆ. ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯ ಮೇಲೆ ನಿಂತರೆ ಸುತ್ತಲಿನ ಬೆಟ್ಟಗಳ ಬೆನ್ನು ಮತ್ತು ಕಣಿವೆಗಳು ಸಮೋನ್ನತಿ ರೇಖೆಗಳನ್ನು ನೆಲದ ಮೇಲೇ ಬಿಡಿಸಿಟ್ಟಂತೆ ಕಾಣುತ್ತವೆ. ನಕ್ಷೆಯನ್ನು ಉತ್ತರಕ್ಕೆ ಹೊಂದಿಸಿ, ಕಾಣುವ ಐದು ನೆತ್ತಿಗಳನ್ನು ಕಾಗದದ ಮೇಲೆ ಗುರುತಿಸಿ, ಆಮೇಲೆ ಮೊಬೈಲ್ ತೆರೆದು ಎಷ್ಟು ಸರಿಯಾಯಿತೆಂದು ನೋಡಿ. ಐದರಲ್ಲಿ ನಾಲ್ಕು ಸರಿಯಾಗುವವರೆಗೆ ಹುಲ್ಲು ಬೆಳೆದ ಅಕ್ಟೋಬರಿನಲ್ಲಿ ಗುರುತಿಲ್ಲದ ದಾರಿಗೆ ಹೋಗಬೇಡಿ.